ಬ್ರೌಸರ್‌ನ ಗೋಡೆಯೂ ನಾವು ಕೊರೆದ ಕನ್ನವೂ

ಇವತ್ತಿನ ಕತೆ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತೆ.

ಸುಮಾರು 15 ವರ್ಷದ ಹಿಂದೆ ಒಂದು ಸಣ್ಣ ವೆಬ್‌ಸೈಟ್ ನೋಡಿಕೊಳ್ತಿದ್ದೆ. ಅದರ ಮೂಲೆಯಲ್ಲಿ ಹವಾಮಾನ ತೋರಿಸಬೇಕು ಅಂತ ಆಸೆ. ಮಾಹಿತಿ ಇದ್ದದ್ದು ಇನ್ನೊಬ್ಬರ ಸರ್ವರ್‌ನಲ್ಲಿ. ಬ್ರೌಸರ್ ಅದನ್ನು ಓದೋಕೆ ಬಿಡಲೇ ಇಲ್ಲ. ಹುಡುಕಾಡಿ ಒಂದು ಉಪಾಯ ಕಂಡುಕೊಂಡೆ. ಒಂದೇ ಸಾಲು ಸೇರಿಸಿದೆ, ಕೆಲಸ ಆಯ್ತು. ಎರಡು ವರ್ಷ ಆದಮೇಲೆ ಒಂದು ಬೆಳಿಗ್ಗೆ ನೋಡಿದರೆ, ನಮ್ಮ ಪುಟದ ತುಂಬಾ ಜೂಜಿನ ಜಾಹೀರಾತು! ನಮ್ಮ ಸರ್ವರ್‌ಗೆ ಯಾರೂ ನುಗ್ಗಿರಲಿಲ್ಲ. ಹವಾಮಾನದವರು ತಮ್ಮ ಡೊಮೇನ್ ನವೀಕರಿಸಿರಲಿಲ್ಲ, ಅದನ್ನು ಬೇರೆ ಯಾರೋ ಕೊಂಡಿದ್ದರು. ಅವರಿಗೆ ಬಾಗಿಲು ತೆಗೆದಿಟ್ಟವನು ನಾನೇ.

ಹಾಗಾದರೆ ಬ್ರೌಸರ್ ಮೊದಲು ಅಡ್ಡ ಬಂದದ್ದು ಯಾಕೆ?

1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಜಾವಾಸ್ಕ್ರಿಪ್ಟ್ ತಂದಿತು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಪುಟಗಳು ಕೆಲಸ ಮಾಡಲು ಕಲಿತವು. ಆದರೆ ನೀವು ಒಂದು ಕಿಟಕಿಯಲ್ಲಿ ಬ್ಯಾಂಕ್ ಖಾತೆ ತೆರೆದಿದ್ದೀರಿ, ಇನ್ನೊಂದರಲ್ಲಿ ಯಾವುದೋ ಗೊತ್ತಿಲ್ಲದ ಪುಟ ಇದೆ ಅಂದುಕೊಳ್ಳಿ. ಆ ಪುಟ ನಿಮ್ಮ ಖಾತೆಯನ್ನು ಓದಿಬಿಟ್ಟರೆ? ಅದಕ್ಕೇ ನೆಟ್‌ಸ್ಕೇಪ್ ಒಂದು ಗೋಡೆ ಕಟ್ಟಿತು. ಅದೇ ಸೇಮ್ ಒರಿಜಿನ್ ಪಾಲಿಸಿ. ಪ್ರೋಟೊಕಾಲ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಆಗಿದ್ದರೆ ಮಾತ್ರ ಒಂದು ಪುಟ ಇನ್ನೊಂದರ ಒಳಗನ್ನು ಓದಬಹುದು.

ಗೋಡೆಯಲ್ಲಿ ಒಂದು ಕಿಂಡಿ ಉಳಿದಿತ್ತು. ಸ್ಕ್ರಿಪ್ಟ್ ಟ್ಯಾಗ್ ಮಾತ್ರ ಯಾವ ಸೈಟಿನಿಂದ ಬೇಕಾದರೂ ಪ್ರೋಗ್ರಾಂ ತಂದು ಓಡಿಸಬಹುದಿತ್ತು.

2005ರಲ್ಲಿ ಗೂಗಲ್ ಮ್ಯಾಪ್ಸ್ ಬಂತು. ಪಾಲ್ ರಾಡೆಮಾಕರ್ ಎಂಬಾತ ಕ್ರೇಗ್ಸ್‌ಲಿಸ್ಟ್‌ನ ಬಾಡಿಗೆ ಮನೆಗಳನ್ನು ಆ ನಕ್ಷೆಯ ಮೇಲೆ ಕೂರಿಸಿದ. ಅವರಿವರ ಮಾಹಿತಿ ಬೆರೆಸಿ ಹೊಸದೊಂದು ಮಾಡುವ ಹುಚ್ಚು ಎಲ್ಲರಿಗೂ ಹಿಡಿಯಿತು. ಗೋಡೆ ಅಡ್ಡ ಇತ್ತಲ್ಲ? ನಮ್ಮಲ್ಲಿ ಹೇಳ್ತಾರೆ, ಅವನು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರಿದ ಅಂತ. ಅದೇ ವರ್ಷ ಡಿಸೆಂಬರ್‌ನಲ್ಲಿ ಬಾಬ್ ಇಪ್ಪೊಲಿಟೊ 'ಜೆಸಾನ್‌ಪಿ' ಎಂಬ ವಿಧಾನ ಮುಂದಿಟ್ಟ. ಮಾಹಿತಿಯನ್ನು ಒಂದು ಫಂಕ್ಷನ್ ಕರೆಯೊಳಗೆ ಸುತ್ತಿ ಕಳಿಸಿದರೆ ಆಯ್ತು, ಬ್ರೌಸರ್ ಅದನ್ನು ಪ್ರೋಗ್ರಾಂ ಅಂದುಕೊಂಡು ಓಡಿಸುತ್ತೆ. ನಾನು ಸೇರಿಸಿದ ಸಾಲು ಇದೇ.

ಇದರ ಬೆಲೆ? ಕೇಳಿದ್ದು ಮಾಹಿತಿ, ಕೊಟ್ಟದ್ದು ಮನೆಯ ಬೀಗದ ಕೈ. ಆ ಸರ್ವರ್ ಏನು ಕಳಿಸಿದರೂ ನಮ್ಮ ಪುಟದಲ್ಲಿ ಅದು ನಮ್ಮದೇ ಅಧಿಕಾರದಲ್ಲಿ ಓಡುತ್ತೆ. ಮಾಹಿತಿ ಇಟ್ಟವರಿಗೂ ಅಪಾಯ ತಪ್ಪಿರಲಿಲ್ಲ. 2006ರಲ್ಲಿ ಜೆರೆಮಿಯಾ ಗ್ರಾಸ್‌ಮನ್ ಇದೇ ಸ್ಕ್ರಿಪ್ಟ್ ಕಿಂಡಿಯಿಂದ, ಲಾಗಿನ್ ಆಗಿರುವವರ ಜಿಮೇಲ್ ವಿಳಾಸಪಟ್ಟಿಯನ್ನು ಬೇರೆ ಸೈಟ್ ಓದಬಹುದು ಅಂತ ತೋರಿಸಿದರು. ಗೂಗಲ್ ಅದನ್ನು ಸರಿಪಡಿಸಿತು.

ಕೊನೆಗೆ ಸಿಕ್ಕ ಪರಿಹಾರ ಬಹಳ ಸರಳ: ಕದ್ದು ನುಗ್ಗಬೇಡಿ, ಕೇಳಿ. 'ಕಾರ್ಸ್' ಪದ್ಧತಿಯಲ್ಲಿ ಮಾಹಿತಿಯ ಒಡೆಯನೇ ತನ್ನ ಉತ್ತರದ ಜೊತೆ "ಇಂಥ ಸೈಟ್ ಇದನ್ನು ಓದಬಹುದು" ಅಂತ ಚೀಟಿ ಕೊಡುತ್ತಾನೆ. ಬರುವುದು ಬರೀ ಮಾಹಿತಿ, ಅದು ತಾನಾಗಿ ಓಡುವುದಿಲ್ಲ. 2009ರಲ್ಲಿ ಫೈರ್‌ಫಾಕ್ಸ್ 3.5 ಇದನ್ನು ಅಳವಡಿಸಿಕೊಂಡಿತು; 2014ರ ಜನವರಿಯಲ್ಲಿ ಡಬ್ಲ್ಯೂ3ಸಿ ಅಧಿಕೃತವಾಗಿ ಶಿಫಾರಸು ಮಾಡಿತು.

ಅಂದು ಬ್ರೌಸರ್ "ಆಗಲ್ಲ" ಅಂದಾಗ ನನಗೆ ಸಿಟ್ಟು ಬಂದಿತ್ತು. ಅದು ಕಾಯುತ್ತಿದ್ದದ್ದು ನನ್ನ ಓದುಗರನ್ನು ಅಂತ ಹೊಳೆದದ್ದು ಆ ಜೂಜಿನ ಜಾಹೀರಾತು ನೋಡಿದ ಮೇಲೆ. ಈಗಲೂ ಯಾರಾದರೂ "ಈ ಒಂದು ಸಾಲು ಹಾಕಿ, ಸಾಕು" ಅಂದರೆ, ಆ ಸಾಲಿನ ಆಚೆ ಯಾರಿದ್ದಾರೆ ಅಂತ ಮೊದಲು ನೋಡ್ತೀನಿ. ನೀವೂ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.