ಧನ, ಋಣ ಮತ್ತು ವರ್ಗಮೂಲ: ಮಹಾವೀರಾಚಾರ್ಯನ ಒಂದು ಸೂತ್ರ

ಇಪ್ಪತ್ತೈದರ ವರ್ಗಮೂಲ ಯಾವುದೆಂದು ಕೇಳಿದರೆ ಐದು ಎಂಬ ಉತ್ತರ ಬರುವುದು ವಾಡಿಕೆ. ಋಣ ಐದನ್ನು ಋಣ ಐದರಿಂದ ಗುಣಿಸಿದರೂ ಇಪ್ಪತ್ತೈದೇ ಆಗುವುದೆಂಬ ಮಾತು ಆಮೇಲೆ ನೆನಪಾಗುತ್ತದೆ. ಒಂದೇ ವರ್ಗಕ್ಕೆ ಎರಡು ಮೂಲಗಳುಂಟೆಂಬ ಈ ತತ್ತ್ವವು ಭಾರತದಲ್ಲಿ ರೂಪುಗೊಂಡ ಬಗೆಯೂ, ಅದರಲ್ಲಿ ಕನ್ನಡನಾಡಿಗೆ ಸಲ್ಲಬೇಕಾದ ಪಾಲೂ ವಿಚಾರಾರ್ಹವಾಗಿವೆ.

ಬ್ರಹ್ಮಗುಪ್ತನು ಕ್ರಿ. ಶ. ೬೨೮ರಲ್ಲಿ ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದ ಹದಿನೆಂಟನೆಯ ಅಧ್ಯಾಯದಲ್ಲಿ ಧನ, ಋಣ, ಶೂನ್ಯಗಳ ಲೆಕ್ಕಕ್ಕೆ ನಿಯಮಗಳನ್ನು ಕೊಟ್ಟನು. ಧನವೆಂದರೆ ಸ್ವತ್ತು, ಋಣವೆಂದರೆ ಸಾಲ. ಹೆಸರುಗಳೇ ವ್ಯವಹಾರದಿಂದ ಬಂದವು. ಕೂಡುವ ನಿಯಮವನ್ನು ಯಾವ ವರ್ತಕನೂ ತನ್ನ ಲೆಕ್ಕದ ಪುಸ್ತಕದಿಂದಲೇ ಸಮರ್ಥಿಸಬಲ್ಲನು. ನೂರರ ಸ್ವತ್ತಿಗೆ ನೂರರ ಸಾಲ ಕೂಡಿದರೆ ಉಳಿಯುವುದು ಶೂನ್ಯ. ಆದರೆ ಗುಣಾಕಾರದಲ್ಲಿ ಈ ಉಪಮಾನವು ನಿಲ್ಲದು. ಸಾಲವನ್ನು ಸಾಲದಿಂದ ಗುಣಿಸುವ ವ್ಯವಹಾರ ಯಾವ ಖಾತೆಯಲ್ಲಿಯೂ ಇಲ್ಲ. ಆದರೂ ಎರಡು ಋಣಗಳ ಗುಣಲಬ್ಧ ಧನವೆಂದು ಬ್ರಹ್ಮಗುಪ್ತನು ವಿಧಿಸಿದನು. ಇಂದಿನ ರೀತಿಯಲ್ಲಿ ವಿವರಿಸುವುದಾದರೆ, ಹಾಗಲ್ಲದಿದ್ದರೆ ನಿಯಮಗಳ ಹೊಂದಿಕೆಯೇ ಕೆಡುತ್ತದೆ. ಋಣ ಐದನ್ನು ಶೂನ್ಯದಿಂದ ಗುಣಿಸಿದರೆ ಶೂನ್ಯವೇ ಬರಬೇಕು. ಆ ಶೂನ್ಯವನ್ನು ಧನ ಐದು, ಋಣ ಐದುಗಳ ಮೊತ್ತವೆಂದು ಭಾವಿಸಿ ಬಿಡಿಬಿಡಿಯಾಗಿ ಗುಣಿಸಿದಲ್ಲಿ ಮೊದಲ ಭಾಗ ಋಣ ಇಪ್ಪತ್ತೈದಾಗುತ್ತದೆ. ಎರಡನೆಯದು ಧನ ಇಪ್ಪತ್ತೈದಾಗದೆ ಗತ್ಯಂತರವಿಲ್ಲ.

ಈ ನೆಲೆಯಿಂದ ಮುಂದಿನ ಹೆಜ್ಜೆಯನ್ನು ಸ್ಪಷ್ಟವಾಗಿ ಇಟ್ಟವನು ಮಹಾವೀರಾಚಾರ್ಯ. ಕ್ರಿ. ಶ. ೮೫೦ರ ಸುಮಾರಿಗೆ ರಚಿತವಾದ ಅವನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಪ್ರಶಸ್ತಿಯುಂಟು. ‘ಕವಿರಾಜಮಾರ್ಗ’ವು ಹುಟ್ಟಿದ್ದೂ ಅದೇ ಆಳ್ವಿಕೆಯಲ್ಲಿ. ಈ ಗ್ರಂಥದ ಮೊದಲ ಅಧಿಕಾರದಲ್ಲಿ ಮಹಾವೀರನು ಮೂರು ಸಂಗತಿಗಳನ್ನು ಹೇಳಿದ್ದಾನೆ. ಧನದ ವರ್ಗವೂ ಋಣದ ವರ್ಗವೂ ಧನವೇ. ಆ ವರ್ಗಗಳ ಮೂಲಗಳು ಕ್ರಮವಾಗಿ ಧನ ಮತ್ತು ಋಣ. ಋಣರಾಶಿಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲ.

ಮೂರನೆಯ ಮಾತನ್ನು ಹಿಡಿದು, ಇಂದು ಕಲ್ಪಿತ ಸಂಖ್ಯೆಗಳೆನಿಸಿಕೊಂಡಿರುವವನ್ನು ಮಹಾವೀರನೇ ಕಂಡುಹಿಡಿದನೆಂದು ಹೊಗಳುವ ಅಭಿಮಾನಕ್ಕೆ ಆಧಾರವಿಲ್ಲ. ಅವನು ಹೇಳಿದುದು ಅದಕ್ಕೆ ವಿರುದ್ಧವಾದುದು. ಋಣದ ಮೂಲವನ್ನು ಅವನು ನಿರಾಕರಿಸಿದನು. ಆದರೆ ಆ ನಿರಾಕರಣೆ ಬರಿಯ ಕೈಚೆಲ್ಲುವಿಕೆಯಲ್ಲ, ಅದು ಸಕಾರಣವಾದುದು. ಧನವನ್ನೂ ಋಣವನ್ನೂ ವರ್ಗಿಸಿ ನೋಡಿ, ಎರಡರಿಂದಲೂ ಋಣವು ಹುಟ್ಟದೆಂದು ಕಂಡ ಮೇಲೆ ಬಂದ ತೀರ್ಮಾನವದು. ತನಗೆ ತಿಳಿದ ಸಂಖ್ಯಾಲೋಕದ ಎಲ್ಲೆಯನ್ನು ಹೀಗೆ ಕಾರಣಸಮೇತ ಗುರುತಿಸಿದುದು ಚಿಕ್ಕ ಸಾಧನೆಯೇನೂ ಅಲ್ಲ. ಇಲ್ಲದ ಹಿರಿಮೆಯನ್ನು ಹೊರಿಸುವುದರಿಂದ ಇರುವ ಹಿರಿಮೆ ಮರೆಯಾಗುತ್ತದೆ.

ಎರಡು ಮೂಲಗಳ ತತ್ತ್ವವು ಲೆಕ್ಕದಲ್ಲಿ ಹೇಗೆ ಬಳಕೆಯಾಯಿತೆಂಬುದನ್ನು ಭಾಸ್ಕರಾಚಾರ್ಯನ ‘ಬೀಜಗಣಿತ’ (ಕ್ರಿ. ಶ. ೧೧೫೦) ಸೊಗಸಾಗಿ ತೋರಿಸುತ್ತದೆ. ಕಪಿಗಳ ಹಿಂಡೊಂದರ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ವನದಲ್ಲಿ ಆಡುತ್ತಿವೆ; ಉಳಿದ ೧೨ ಬೆಟ್ಟದ ಮೇಲೆ ಕೂಗುತ್ತಿವೆ; ಒಟ್ಟು ಎಷ್ಟು? ಸಮೀಕರಣವನ್ನು ಸರಿಪಡಿಸಿದರೆ, ಅವ್ಯಕ್ತದಿಂದ ೩೨ನ್ನು ಕಳೆದು ವರ್ಗಿಸಿದಾಗ ೨೫೬ ಬರುತ್ತದೆ. ೨೫೬ರ ಮೂಲ ಧನ ೧೬ ಎಂದರೆ ಹಿಂಡು ೪೮. ಋಣ ೧೬ ಎಂದರೆ ಹಿಂಡು ೧೬. ಎರಡೂ ತಾಳೆಯಾಗುತ್ತವೆ, ಭಾಸ್ಕರನು ಎರಡನ್ನೂ ಒಪ್ಪುತ್ತಾನೆ.

ಇನ್ನೊಂದು ಲೆಕ್ಕದಲ್ಲಿ ಹಿಂಡಿನ ಐದನೆಯ ಒಂದು ಭಾಗದಿಂದ ೩ನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆಯನ್ನು ಹೊಕ್ಕಿವೆ. ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತದೆ. ಇಲ್ಲಿ ೫೦, ೫ ಎಂಬ ಎರಡು ಬೆಲೆಗಳು ದೊರೆಯುತ್ತವೆ. ಐದರ ಐದನೆಯ ಭಾಗ ಒಂದು. ಅದರಿಂದ ಮೂರನ್ನು ಕಳೆದರೆ ಋಣ ಎರಡು. ಅದರ ವರ್ಗ ನಾಲ್ಕು. ಕೊಂಬೆಯದೊಂದು ಸೇರಿ ಐದು. ಲೆಕ್ಕ ನಿರ್ದೋಷವಾಗಿದೆ. ಆದರೂ ಭಾಸ್ಕರನು ಈ ಬೆಲೆಯನ್ನು ಕೈಬಿಟ್ಟನು; ಋಣವಾದ ವ್ಯಕ್ತಸಂಖ್ಯೆಯನ್ನು ಲೋಕವು ಒಪ್ಪದೆಂಬುದು ಅವನು ಕೊಟ್ಟ ಕಾರಣ. ಮೂಲಗಳೆರಡನ್ನೂ ತೆಗೆಯುವುದು ಗಣಿತದ ಕೆಲಸ. ಸಂದರ್ಭಕ್ಕೆ ಒಗ್ಗುವುದನ್ನು ಆರಿಸುವುದು ವಿವೇಕದ ಕೆಲಸ. ಈ ಭೇದವನ್ನು ಭಾಸ್ಕರನು ಬಲ್ಲವನಾಗಿದ್ದನು.

ಮಹಾವೀರನು ಗುರುತಿಸಿದ ಎಲ್ಲೆಯನ್ನು ದಾಟಿದವರು ಯೂರೋಪಿನವರು. ಇಟಲಿಯ ಕಾರ್ಡಾನೊ ೧೫೪೫ರಲ್ಲಿ, ಹತ್ತನ್ನು ಗುಣಲಬ್ಧ ೪೦ ಆಗುವಂತೆ ಎರಡು ಪಾಲು ಮಾಡುವ ಲೆಕ್ಕದಲ್ಲಿ ಋಣ ಹದಿನೈದರ ಮೂಲವನ್ನು ಬರೆದು ನೋಡಿದನು. ಬೊಂಬೆಲ್ಲಿಯು ೧೫೭೨ರಲ್ಲಿ ಇಂಥ ರಾಶಿಗಳ ಗುಣಾಕಾರಕ್ಕೆ ನಿಯಮಗಳನ್ನು ಪ್ರಕಟಿಸಿದನು. ಹೀಗೆ ಹೊಸ ಸಂಖ್ಯೆಗಳನ್ನು ಸೇರಿಸಿಕೊಂಡ ಮೇಲೆಯೂ ಹಳೆಯ ಲೋಕದೊಳಗೆ ಮಹಾವೀರನ ಮಾತು ಸುಳ್ಳಾಗಲಿಲ್ಲ. ಇಂದಿನ ಪಠ್ಯಗಳಲ್ಲಿ ವರ್ಗಮೂಲದ ಚಿಹ್ನೆಯು ಧನಮೂಲವನ್ನಷ್ಟೇ ಸೂಚಿಸುತ್ತದೆ. ಇದು ಬರವಣಿಗೆಯ ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದವೇ ಹೊರತು ಋಣಮೂಲದ ನಿಷೇಧವಲ್ಲ.

‘ಗಣಿತಸಾರಸಂಗ್ರಹ’ವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚುಹಾಕಿಸಿದ ಮೇಲೆ ಹೊರಜಗತ್ತಿಗೆ ಅದರ ಪರಿಚಯವಾಯಿತು. ಮಳಖೇಡದ ದೊರೆಯನ್ನು ಹರಸಿ ಆರಂಭವಾದ ಈ ಕೃತಿಯನ್ನು ನಾಡಿನ ಹೊರಗೆ ನೆಲಸಿದ ಕನ್ನಡಿಗರು ಬರಿಯ ಹೆಮ್ಮೆಯ ವಸ್ತುವಾಗಿ ನೆನೆದರೆ ಸಾಲದು. ಲೆಕ್ಕ ಹಾಕಿ ನೋಡಿ ಓದಬೇಕಾದ ಗ್ರಂಥವದು.