ಮೃತರ ಕೊನೆಯ ದಾನ

ಹಿರಿಯರೊಬ್ಬರು ಗತಿಸಿ ಅಂತ್ಯಕ್ರಿಯೆ ಮುಗಿದ ಮೇಲೆ, ಅವರ ಉಯಿಲನ್ನು ತೆರೆದು ಓದುವ ಘಳಿಗೆ ಬರುತ್ತದೆ. ಅನಾಥಾಲಯಕ್ಕೆ ಒಂದಿಷ್ಟು ಆಸ್ತಿ ಸಲ್ಲಲೆಂದು ಅದರಲ್ಲಿ ಬರೆದಿದ್ದರೂ, 2003ರವರೆಗೆ ಭಾರತದ ಕ್ರೈಸ್ತರ ಆ ಕೊನೆಯ ಮಾತು ಅಸಿಂಧುವಾಗುವ ಸಂಭವವಿತ್ತು.

1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 118ನೆಯ ಕಲಮು ಇದಕ್ಕೆ ಕಾರಣ. ಒಡಹುಟ್ಟಿದವರ ಮಕ್ಕಳು ಅಥವಾ ಅವರಿಗಿಂತ ಹತ್ತಿರದ ಬಂಧುಗಳಿರುವವರು ಧರ್ಮಕಾರ್ಯಕ್ಕೆ ಆಸ್ತಿ ಬಿಡಬೇಕಾದರೆ, ಸಾವಿಗೆ ಕನಿಷ್ಠ 12 ತಿಂಗಳ ಮುಂಚೆ ಉಯಿಲು ಬರೆದು, 6 ತಿಂಗಳೊಳಗೆ ಅದನ್ನು ಕಾನೂನು ಗೊತ್ತುಪಡಿಸಿದ ಸ್ಥಳದಲ್ಲಿ ಠೇವಣಿ ಇಡಬೇಕಿತ್ತು. ತನ್ನ ಸಾವಿನ ದಿನವನ್ನು ಮೊದಲೇ ಬಲ್ಲವರಾರು?

ಈ ಕಟ್ಟಳೆಯ ಬೇರು ಇಂಗ್ಲೆಂಡಿನ 1736ರ ಕಾಯಿದೆಯಲ್ಲಿದೆ. ಮರಣಶಯ್ಯೆಯಲ್ಲಿರುವವರು ಭೂಮಿಯನ್ನು ದಾನಮಾಡಿ ವಾರಸುದಾರರನ್ನು ಬರಿಗೈ ಮಾಡಿಯಾರೆಂಬ ಭಯ ಅಲ್ಲಿತ್ತು. 1960ರಲ್ಲಿ ಇಂಗ್ಲೆಂಡೇ ಆ ನಿರ್ಬಂಧವನ್ನು ಕೈಬಿಟ್ಟಿತು. ಇಲ್ಲಿ ಅದು ಉಳಿಯಿತು. ಹಿಂದೂಗಳಿಗೂ ಮುಸ್ಲಿಮರಿಗೂ ಇದು ಅನ್ವಯಿಸುತ್ತಿರಲಿಲ್ಲ; 1991ರಲ್ಲಿ ಪಾರ್ಸಿಗಳಿಗೂ ವಿನಾಯಿತಿ ದೊರೆಯಿತು.

ಕೇರಳದ ಗುರುಗಳಾದ ಜಾನ್ ವಳ್ಳಮಟ್ಟಂ ಅವರು ಇದನ್ನು ಪ್ರಶ್ನಿಸಿದರು. ಸಂವಿಧಾನದ 14ನೆಯ ವಿಧಿಯ ಸಮಾನತೆಗೆ ಇದು ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2003ರ ಜುಲೈ 21ರಂದು ಈ ಕಲಮನ್ನು ರದ್ದುಪಡಿಸಿತು.

ಆದರೆ ಹಳೆಯ ಭಯ ಪೂರ್ಣ ಸುಳ್ಳಲ್ಲ. ಕೊನೆಯುಸಿರಿನ ಹೊತ್ತಿನಲ್ಲಿ ಬರೆಸಿದ ಉಯಿಲು ಮಕ್ಕಳ ಮನದಲ್ಲಿ ಇಂದಿಗೂ ಸಂಶಯ ಬಿತ್ತೀತು. ಆದ್ದರಿಂದ ಆರೋಗ್ಯವಿರುವಾಗಲೇ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ದಾನದ ಇಚ್ಛೆಯನ್ನು ಮನೆಯವರಿಗೆ ತಿಳಿಸಿಡುವುದು ಲೇಸು. ಅಗಲಿಕೆಯ ದುಃಖದಲ್ಲಿರುವವರಿಗೆ ವ್ಯಾಜ್ಯದ ಹೊರೆಯಾದರೂ ತಪ್ಪೀತು.