ಇಂಗಾಲಕ್ಕೆ ಬೆಲೆ ಕೇಳಿದ ಊರುಗಳು

ಕೆನಡಾದ ಸುಪ್ರೀಂ ಕೋರ್ಟ್ 2021ರ ಮಾರ್ಚ್ 25ರಂದು ಕೊಟ್ಟ ತೀರ್ಪಿನಲ್ಲಿ ಪಕ್ಷಗಾರರ, ಮಧ್ಯಪ್ರವೇಶಿಗಳ ಪಟ್ಟಿಯೇ ಉದ್ದವಾಗಿದೆ. ಪ್ರಾಂತ್ಯಗಳು, ಮೂಲನಿವಾಸಿ ಸಮುದಾಯಗಳು, ಕಾರ್ಮಿಕ ಸಂಘಗಳು, ಪರಿಸರ ಸಂಸ್ಥೆಗಳು ಎಲ್ಲವೂ ಅದರಲ್ಲಿವೆ. ಅವುಗಳ ನಡುವೆ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಆರು ಊರುಗಳ ಹೆಸರೂ ಇದೆ: ರಿಚ್ಮಂಡ್, ವಿಕ್ಟೋರಿಯಾ, ನೆಲ್ಸನ್, ಸ್ಕ್ವಾಮಿಶ್, ರಾಸ್‌ಲ್ಯಾಂಡ್, ವ್ಯಾಂಕೂವರ್. ರಾಸ್‌ಲ್ಯಾಂಡ್ ಐದು ಸಾವಿರ ಜನಸಂಖ್ಯೆಯೂ ಇಲ್ಲದ ಬೆಟ್ಟದ ಊರು. ಪೆಟ್ರೋಲು, ಡೀಸೆಲ್, ಅನಿಲ ಉರಿದಾಗ ಹೊರಬರುವ ಇಂಗಾಲಕ್ಕೆ ಇಡೀ ದೇಶಕ್ಕೆ ಅನ್ವಯಿಸುವಂತೆ ಕನಿಷ್ಠ ಬೆಲೆ ಕಟ್ಟುವ ಅಧಿಕಾರ ಒಕ್ಕೂಟ ಸರ್ಕಾರಕ್ಕೆ ಇದೆಯೇ ಎಂಬುದು ಅಲ್ಲಿನ ವಿವಾದ. ಇದೆ ಎಂಬ ಪಕ್ಷಕ್ಕೆ ಬಲ ಕೊಡಲು ಈ ಪುರಸಭೆಗಳು ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಹೋಗಿದ್ದವು.

ಇಲ್ಲಿಗೆ ಬಂದು ಮುಟ್ಟಲು ಮೂವತ್ತು ವರ್ಷ ಹಿಡಿಯಿತು. 1988ರ ಜೂನ್‌ನಲ್ಲಿ ಟೊರಾಂಟೊದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಮ್ಮೇಳನ, 2005ರ ಹೊತ್ತಿಗೆ ಇಂಗಾಲದ ಡೈಆಕ್ಸೈಡನ್ನು ಶೇ 20ರಷ್ಟು ತಗ್ಗಿಸಬೇಕೆಂದು ಜಗತ್ತಿಗೆ ಕರೆ ಕೊಟ್ಟಿತು. ದೇಶಗಳು ಇನ್ನೂ ಯೋಚಿಸುತ್ತಿರುವಾಗಲೇ, 1990ರಲ್ಲಿ ಟೊರಾಂಟೊ ನಗರಸಭೆ ಆ ಗುರಿಯನ್ನು ತನ್ನದಾಗಿ ಒಪ್ಪಿಕೊಂಡಿತು. ಮರುವರ್ಷ ಹಳೆಯ ಜೈಲಿನ ಜಮೀನು ಮಾರಿ ಬಂದ 2.3 ಕೋಟಿ ಡಾಲರ್ ಇಡುಗಂಟಿನಿಂದ ಒಂದು ವಾಯುಮಂಡಲ ನಿಧಿಯನ್ನೂ ಸ್ಥಾಪಿಸಿತು. ಆಗಿನ ಉತ್ಸಾಹವೆಲ್ಲ ಊರಿನ ಕೈಯಳತೆಯ ಕೆಲಸಗಳದು: ಬೀದಿದೀಪ, ಕಸದ ರಾಶಿಯ ಅನಿಲ, ಕಟ್ಟಡಗಳ ಶಾಖ. ಇಂಧನದ ಬೆಲೆ ಬದಲಾಗದೆ ಇವು ಒಂದು ಮಟ್ಟ ದಾಟುವುದಿಲ್ಲ ಎಂಬುದು ಊರುಗಳಿಗೆ ನಿಧಾನವಾಗಿ ಗೊತ್ತಾಯಿತು.

ಬೇಡಿಕೆಗೆ ರಾಷ್ಟ್ರೀಯ ರೂಪ ಸಿಕ್ಕಿದ್ದು ಅಮೆರಿಕದಲ್ಲಿ. ಕ್ಯೋಟೊ ಒಪ್ಪಂದ ಜಾರಿಗೆ ಬಂದ ದಿನವೇ, 2005ರ ಫೆಬ್ರುವರಿ 16ರಂದು, ಸಿಯಾಟಲ್ ಮೇಯರ್ ಗ್ರೆಗ್ ನಿಕಲ್ಸ್ ಇತರ ಮೇಯರ್‌ಗಳ ಮುಂದೆ ಒಂದು ಒಡಂಬಡಿಕೆ ಇಟ್ಟರು. ಕ್ಯೋಟೊವನ್ನು ಅನುಮೋದಿಸಿದ್ದ 141 ದೇಶಗಳಷ್ಟೇ ಸಂಖ್ಯೆಯ ನಗರಗಳನ್ನು ಸೇರಿಸುವುದು ಅವರ ಮೊದಲ ಗುರಿ. ಮುಂದೆ ಸಹಿಗಳು ಸಾವಿರ ದಾಟಿದವು. ಸುದ್ದಿಯಾದದ್ದು ನಗರಗಳೇ ಕ್ಯೋಟೊ ಗುರಿ ಮುಟ್ಟುತ್ತವೆ ಎಂಬ ಮಾತು. ಅದೇ ಒಡಂಬಡಿಕೆಯ ಇನ್ನೊಂದು ಅಂಶ ಅಷ್ಟು ಸುದ್ದಿಯಾಗಲಿಲ್ಲ. ದೇಶಮಟ್ಟದಲ್ಲಿ ಹೊಗೆಗೆ ಮಿತಿ ಹಾಕಿ, ಆ ಮಿತಿಯೊಳಗಿನ ಪರವಾನಗಿಗಳನ್ನು ಕಂಪನಿಗಳು ಕೊಂಡು ಮಾರುವ ವ್ಯವಸ್ಥೆಯನ್ನು ಕಾಂಗ್ರೆಸ್ ತರಬೇಕು ಎಂದು ಅದು ಒತ್ತಾಯಿಸಿತ್ತು. 2007ರ ನವೆಂಬರ್‌ನಲ್ಲಿ ಸಿಯಾಟಲ್‌ನಲ್ಲೇ ಸೇರಿದ ಮೇಯರ್‌ಗಳ ಸಭೆಯಲ್ಲಿ ನ್ಯೂಯಾರ್ಕ್‌ನ ಮೈಕೆಲ್ ಬ್ಲೂಮ್‌ಬರ್ಗ್ ಮುಂದಿನ ಹೆಜ್ಜೆ ಇಟ್ಟರು. ಸುತ್ತುಬಳಸಿನ ದಾರಿ ಬಿಟ್ಟು ನೇರವಾಗಿ ರಾಷ್ಟ್ರೀಯ ಇಂಗಾಲ ತೆರಿಗೆ ಹಾಕಿ ಎಂದರು. ಬೆಲೆ ಕಟ್ಟುವ ಎರಡೂ ದಾರಿಗಳು, ಮಿತಿ-ವಿನಿಮಯ ಮತ್ತು ತೆರಿಗೆ, ಹೀಗೆ ಮೂರು ವರ್ಷದೊಳಗೆ ನಗರಗಳ ಬಾಯಿಂದಲೇ ಬಂದವು.

ಈ ನಡುವೆ ಕೊಲರಾಡೊದ ಬೌಲ್ಡರ್ ತನ್ನ ಜೇಬಿನಿಂದಲೇ ಶುರುಮಾಡಿತು. 2006ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ತಮ್ಮ ವಿದ್ಯುತ್ ಬಿಲ್ಲಿನ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಹೊಗೆಯ ಕಾರಣಕ್ಕೆಂದೇ ಹಾಕಿದ ಇಂಥ ತೆರಿಗೆ ಅಮೆರಿಕದಲ್ಲಿ ಅದೇ ಮೊದಲು. ವಸೂಲಿ ಮಾಡುತ್ತಿದ್ದುದು ವಿದ್ಯುತ್ ಕಂಪನಿ. ಬಳಸಿದ ಯೂನಿಟ್ಟಿಗೆ ಇಷ್ಟು ಎಂದು ಬಿಲ್ಲಿನಲ್ಲೇ ಸೇರಿಬರುತ್ತಿತ್ತು. ಮುಂದೆ ದರ ಏರಿದ ಮೇಲೂ ಸಾಮಾನ್ಯ ಮನೆಗೆ ವರ್ಷಕ್ಕೆ ಸುಮಾರು 21 ಡಾಲರ್. ಗಾಳಿ ವಿದ್ಯುತ್ ಕೊಂಡ ಭಾಗಕ್ಕೆ ತೆರಿಗೆ ಇರಲಿಲ್ಲ. ಬಂದ ಹಣ ಮನೆ, ಅಂಗಡಿಗಳ ಶಾಖ ಸೋರಿಕೆ ತಡೆಯುವಂಥ ಕೆಲಸಗಳಿಗೆ ಹೋಯಿತು. ಮತದಾರರು ಈ ತೆರಿಗೆಯನ್ನು ಮತ್ತೆ ಮತ್ತೆ ಮುಂದುವರಿಸಿದರು, 2022ರಲ್ಲಿ ಹೊಸ ಹವಾಮಾನ ತೆರಿಗೆಯಾಗಿ ಮಾರ್ಪಡಿಸಿದರು. ಇಡೀ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಗೌರವವಿರುವುದು ಈ ಊರಿನ ಬಗ್ಗೆ. ಆದರೆ ಅದರ ಮಿತಿಯೂ ಅಷ್ಟೇ ಸ್ಪಷ್ಟ. ಊರಿನ ತೆರಿಗೆ ವಿದ್ಯುತ್ತನ್ನು ಮುಟ್ಟಿತು, ಹೆದ್ದಾರಿಯಲ್ಲಿ ಓಡುವ ಕಾರನ್ನು ಮುಟ್ಟಲಿಲ್ಲ. ಕಲ್ಲಿದ್ದಲು ಉರಿಸುವ ಸ್ಥಾವರದ ನಿರ್ಧಾರಗಳೂ ಊರಿನ ಕೈಯಲ್ಲಿರಲಿಲ್ಲ. ದೇಶಕ್ಕೆ ಒಂದೇ ಬೆಲೆ ಬೇಕು ಎಂಬ ವಾದಕ್ಕೆ ಬೌಲ್ಡರ್‌ಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಅಮೆರಿಕದ ಮುಂದಿನ ಕಥೆ ಬೇಸರ ತರಿಸುವಂಥದು. ರಾಷ್ಟ್ರೀಯ ಮಿತಿ-ವಿನಿಮಯದ ವ್ಯಾಕ್ಸ್‌ಮನ್-ಮಾರ್ಕಿ ಮಸೂದೆ 2009ರ ಜೂನ್ 26ರಂದು ಕೆಳಮನೆಯಲ್ಲಿ 219-212 ಮತಗಳಿಂದ ಗೆದ್ದು, ಸೆನೆಟ್‌ನಲ್ಲಿ ಮತಕ್ಕೂ ಬಾರದೆ ಮುಗಿಯಿತು. ಆಮೇಲೆ ಕೆಲಸ ಕೈಗೆತ್ತಿಕೊಂಡವರು ಸಾಮಾನ್ಯ ನಾಗರಿಕರು. ಮಾರ್ಷಲ್ ಸಾಂಡರ್ಸ್ 2007ರಲ್ಲಿ ಆರಂಭಿಸಿದ್ದ ಸಿಟಿಜನ್ಸ್ ಕ್ಲೈಮೇಟ್ ಲಾಬಿಯ ಕಾರ್ಯಕರ್ತರು ಊರೂರಿನ ಕೌನ್ಸಿಲ್ ಸಭೆಗಳಿಗೆ ಹೋಗಿ, ಸಾರ್ವಜನಿಕರಿಗೆಂದು ಮೀಸಲಿಟ್ಟ ಎರಡು-ಮೂರು ನಿಮಿಷದಲ್ಲಿ ತಮ್ಮ ಮಾತು ಮುಗಿಸಿ, ನಿರ್ಣಯ ಅಂಗೀಕರಿಸುವಂತೆ ಕೇಳಿಕೊಂಡರು. ಇಂಧನ ನೆಲದಿಂದ ಹೊರಬರುವಲ್ಲೇ ಶುಲ್ಕ ಹಾಕಿ, ವಸೂಲಾದ ಹಣವನ್ನು ಎಲ್ಲ ಮನೆಗಳಿಗೂ ಸಮವಾಗಿ ಹಂಚಿ ಎಂಬುದು ಆ ನಿರ್ಣಯದ ಸಾರ. ಅಂಗೀಕಾರವಾದ ಮೇಲೆ ನಗರಸಭೆಯ ಗುಮಾಸ್ತರು ಪ್ರತಿಯನ್ನು ಆ ಭಾಗದ ಸಂಸದರಿಗೆ, ಸೆನೆಟರ್‌ಗಳಿಗೆ ಕಳಿಸುತ್ತಾರೆ. ಅದಕ್ಕೆ ಕಾನೂನಿನ ಬಲವಿಲ್ಲ. ಆದರೂ ನೂರಾರು ಸ್ಥಳೀಯ ಪ್ರತಿನಿಧಿಗಳು ಮತದಾರರ ಎದುರು ಕೈಯೆತ್ತಿ ತೆರಿಗೆಯೊಂದರ ಪರ ನಿಂತರು. ಅಮೆರಿಕದ ರಾಜಕೀಯದಲ್ಲಿ ಅದು ಸಣ್ಣ ಧೈರ್ಯವಲ್ಲ.

ಇದೇ ಮಾದರಿಯಲ್ಲಿ, ಟನ್ನಿಗೆ 15 ಡಾಲರ್ ಶುಲ್ಕದಿಂದ ಆರಂಭಿಸಿ ವರ್ಷಕ್ಕೆ 10ರಂತೆ ಏರಿಸುವ ಮಸೂದೆ ಕಾಂಗ್ರೆಸ್‌ನಲ್ಲಿ 2018ರ ನವೆಂಬರ್‌ನಲ್ಲಿ ಮಂಡನೆಯಾಯಿತು. 2019ರಲ್ಲಿ ಮತ್ತೆ ಬಂತು. ಮತಕ್ಕೆ ಹಾಕಲಿಲ್ಲ. ಊರು ಮತ್ತು ರಾಜ್ಯದ ನಡುವಿನ ಕಂದಕ ವಾಷಿಂಗ್ಟನ್ ರಾಜ್ಯದಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. 2018ರ ಜನಮತದಲ್ಲಿ ಸಿಯಾಟಲ್ ಇರುವ ಕಿಂಗ್ ಕೌಂಟಿ ಇಂಗಾಲ ಶುಲ್ಕವನ್ನು ಒಪ್ಪಿತು, ರಾಜ್ಯ ತಿರಸ್ಕರಿಸಿತು. ಕೊನೆಗೆ ಶಾಸನಸಭೆಯೇ 2021ರಲ್ಲಿ ಮಿತಿ-ವಿನಿಮಯದ ಕಾನೂನು ತಂದಿತು. ಅದನ್ನು ರದ್ದು ಮಾಡುವ ಪ್ರಸ್ತಾವವನ್ನು 2024ರಲ್ಲಿ ಅದೇ ಮತದಾರರು ದೊಡ್ಡ ಅಂತರದಿಂದ ಸೋಲಿಸಿದರು. ವಸೂಲಾದ ಹಣ ಅಷ್ಟರಲ್ಲಿ ಬಸ್ಸು, ಶಾಲೆಗಳ ರೂಪದಲ್ಲಿ ಊರಿಗೆ ಬರತೊಡಗಿತ್ತು. ಮನಸ್ಸು ಬದಲಾಗಲು ಅದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಹಣ ಊರಿಗೆ ಮರಳುವ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಯೋಚಿಸಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾ. ಪ್ರೀಮಿಯರ್ ಗಾರ್ಡನ್ ಕ್ಯಾಂಪ್‌ಬೆಲ್ ಸರ್ಕಾರ 2008ರ ಜುಲೈ 1ರಿಂದ ಟನ್ನಿಗೆ 10 ಡಾಲರ್ ತೆರಿಗೆ ಹಾಕಿ, 2012ರ ಹೊತ್ತಿಗೆ 30ಕ್ಕೆ ಏರಿಸಿತು. ಅಷ್ಟೇ ಮೊತ್ತದ ಬೇರೆ ತೆರಿಗೆಗಳನ್ನು ಇಳಿಸಿತು. ತೆರಿಗೆ ಬರುವ ಮೊದಲೇ, 2007ರಲ್ಲಿ, ಪ್ರಾಂತ್ಯದ ಪುರಸಭೆಗಳ ಒಕ್ಕೂಟದ ಜೊತೆ ಹವಾಮಾನ ಸನ್ನದು ಮಾಡಿಕೊಂಡಿತ್ತು. ಸುಮಾರು 190 ಸ್ಥಳೀಯ ಸಂಸ್ಥೆಗಳಲ್ಲಿ 180ಕ್ಕೂ ಹೆಚ್ಚು ಅದಕ್ಕೆ ಸಹಿ ಹಾಕಿದವು. ಸಹಿ ಹಾಕಿದ ಊರುಗಳಿಗೆ ತೆರಿಗೆ ಮರಳುತ್ತಿದ್ದ ರೀತಿ ಹೀಗೆ. ಹಿಮ ತೆಗೆಯುವ ಲಾರಿಗೆ ಪುರಸಭೆ ಡೀಸೆಲ್ ಹಾಕಿಸಿದಾಗ ಎಲ್ಲರಂತೆ ಇಂಗಾಲ ತೆರಿಗೆ ಕಟ್ಟುತ್ತಿತ್ತು. ವರ್ಷದ ಕೊನೆಗೆ ಲೆಕ್ಕ ಹಾಕಿ, ಹೊಗೆ ತಗ್ಗಿಸಲು ಏನೇನು ಮಾಡಿದೆವು ಎಂಬ ವರದಿಯನ್ನು ಸಾರ್ವಜನಿಕರಿಗೆ ಕಾಣುವಂತೆ ಪ್ರಕಟಿಸುತ್ತಿತ್ತು. ಆಗ ಕಟ್ಟಿದ ಅಷ್ಟೂ ತೆರಿಗೆ ಅನುದಾನವಾಗಿ ವಾಪಸ್ ಬರುತ್ತಿತ್ತು. ತೆರಿಗೆ ಪಂಪಿನಲ್ಲಿ ಉಳಿತಾಯದ ಬುದ್ಧಿ ಕಲಿಸಿತು, ವಾಪಸ್ ಬಂದ ಹಣ ಊರಿನ ಕೆಲಸಕ್ಕೆ ಒದಗಿತು. ಸಣ್ಣ ಪುರಸಭೆಯೂ ತನ್ನ ಇಂಧನದ ಲೆಕ್ಕ ಇಡಲು ಕಲಿತದ್ದು ಹೀಗೆಯೇ. ತೆರಿಗೆಯಿಂದ ಪ್ರಾಂತ್ಯದ ಹೊಗೆ ಶೇ 5ರಿಂದ 15ರಷ್ಟು ತಗ್ಗಿರಬೇಕೆಂದು ಅಧ್ಯಯನಗಳು ಅಂದಾಜಿಸಿವೆ. ಸುಪ್ರೀಂ ಕೋರ್ಟಿಗೆ ಹೋದ ಆರೂ ಊರುಗಳು ಈ ಪ್ರಾಂತ್ಯದವೇ ಆಗಿರುವುದು ಕಾಕತಾಳೀಯವಲ್ಲ.

ಅವು ಅಲ್ಲಿಗೆ ಹೋದ ಸಂದರ್ಭ ಇದು. ಒಕ್ಕೂಟ ಸರ್ಕಾರ 2018ರಲ್ಲಿ ಕಾನೂನು ಮಾಡಿ, ಸ್ವಂತ ವ್ಯವಸ್ಥೆ ಇಲ್ಲದ ಪ್ರಾಂತ್ಯಗಳಲ್ಲಿ 2019ರ ಏಪ್ರಿಲ್‌ನಿಂದ ಇಂಧನಕ್ಕೆ ಟನ್ನಿಗೆ 20 ಡಾಲರ್ ಶುಲ್ಕ ಹಾಕಿತು. ವಸೂಲಿಯ ಸುಮಾರು ಶೇ 90 ಭಾಗ ಮನೆಗಳಿಗೆ ವಾಪಸ್ ಹೋಗುತ್ತಿತ್ತು. ಸಸ್ಕಾಚೆವಾನ್, ಒಂಟಾರಿಯೊ, ಆಲ್ಬರ್ಟಾ ನ್ಯಾಯಾಲಯಕ್ಕೆ ಹೋದವು. ಒಂಟಾರಿಯೊ ಸರ್ಕಾರ ಪ್ರತಿ ಪೆಟ್ರೋಲ್ ಪಂಪಿನ ಮೇಲೂ ಶುಲ್ಕದ ಹೊರೆ ತೋರಿಸುವ ಸ್ಟಿಕ್ಕರ್ ಅಂಟಿಸುವಂತೆ ಕಡ್ಡಾಯ ಮಾಡಿತು. ವಾಪಸ್ ಬರುವ ಹಣದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. 2020ರಲ್ಲಿ ನ್ಯಾಯಾಲಯ ಆ ಕಡ್ಡಾಯವನ್ನು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತಳ್ಳಿಹಾಕಿತು.

ಪುರಸಭೆಗಳ ಕಾಳಜಿ ಬೇರೆ ಕಡೆಯಿಂದ ಬಂದದ್ದು. ರಿಚ್ಮಂಡ್ ನಗರ ಫ್ರೇಸರ್ ನದಿಯ ಮುಖಜ ಭೂಮಿಯಲ್ಲಿ, ಸಮುದ್ರಮಟ್ಟಕ್ಕಿಂತ ಸರಾಸರಿ ಒಂದೇ ಮೀಟರ್ ಎತ್ತರದಲ್ಲಿ, ತಡೆಗೋಡೆಗಳ ಆಸರೆಯಲ್ಲಿದೆ. ಆ ಗೋಡೆ ಎತ್ತರಿಸುವ ಖರ್ಚು ಊರಿನ ಮೇಲೆ ಬೀಳುತ್ತದೆ. ಕೆನಡಾದ ಸಾರ್ವಜನಿಕ ಮೂಲಸೌಕರ್ಯದ ಸುಮಾರು ಶೇ 60 ಭಾಗ ಸ್ಥಳೀಯ ಸಂಸ್ಥೆಗಳದು. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು ಸ್ಥಳೀಯ ಮಟ್ಟದಲ್ಲಿ ವರ್ಷಕ್ಕೆ 530 ಕೋಟಿ ಡಾಲರ್ ಬೇಕು ಎಂದು ಕೆನಡಾದ ಪುರಸಭೆಗಳ ಮಹಾಒಕ್ಕೂಟ ಮತ್ತು ವಿಮಾ ಸಂಸ್ಥೆಗಳ ಒಕ್ಕೂಟ 2020ರಲ್ಲಿ ಲೆಕ್ಕ ಕೊಟ್ಟಿದ್ದವು. ಮುಖ್ಯ ನ್ಯಾಯಮೂರ್ತಿ ರಿಚರ್ಡ್ ವ್ಯಾಗ್ನರ್ ನೇತೃತ್ವದ ಪೀಠ 6-3ರ ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು. ಮೂರೇ ತಿಂಗಳಲ್ಲಿ, ಜೂನ್ ಕೊನೆಗೆ, ಬ್ರಿಟಿಷ್ ಕೊಲಂಬಿಯಾದ ಲಿಟ್ಟನ್‌ನಲ್ಲಿ ಉಷ್ಣಾಂಶ 49.6 ಡಿಗ್ರಿ ಮುಟ್ಟಿತು. ಮರುದಿನ ಊರು ಬೆಂಕಿಗೆ ಆಹುತಿಯಾಯಿತು. ಆ ಬಿಸಿಗಾಳಿಗೆ ಪ್ರಾಂತ್ಯದಲ್ಲಿ ಸತ್ತವರು 619 ಮಂದಿ.

ಇಷ್ಟಾದರೂ ಶುಲ್ಕ ಉಳಿಯಲಿಲ್ಲ. ಮೊದಲ ವರ್ಷಗಳಲ್ಲಿ ವಾಪಸ್ ಹಣ ಆದಾಯ ತೆರಿಗೆ ಲೆಕ್ಕದೊಳಗೆ ಸೇರಿಹೋಗುತ್ತಿತ್ತು. 2022ರ ಜುಲೈನಿಂದ ಮೂರು ತಿಂಗಳಿಗೊಮ್ಮೆ ಖಾತೆಗೆ ಬರತೊಡಗಿದರೂ ಅದು ಯಾವ ಹಣವೆಂದು ಅನೇಕರಿಗೆ ತಿಳಿಯಲಿಲ್ಲ. ಪಂಪಿನಲ್ಲಿ ಕೊಟ್ಟದ್ದು ಮಾತ್ರ ಪ್ರತಿ ವಾರ ಕಾಣುತ್ತಿತ್ತು. 2025ರ ಏಪ್ರಿಲ್ 1ರಿಂದ ಪ್ರಧಾನಿ ಮಾರ್ಕ್ ಕಾರ್ನಿ ಗ್ರಾಹಕರ ಮೇಲಿನ ಶುಲ್ಕವನ್ನು ಸೊನ್ನೆಗಿಳಿಸಿದರು. ಅದೇ ದಿನ ಬ್ರಿಟಿಷ್ ಕೊಲಂಬಿಯಾವೂ ತನ್ನ 17 ವರ್ಷದ ತೆರಿಗೆ ಕೈಬಿಟ್ಟಿತು. ದೊಡ್ಡ ಕೈಗಾರಿಕೆಗಳ ಮೇಲಿನ ಬೆಲೆ ಮಾತ್ರ ಮುಂದುವರಿಯಿತು. ಪುರಸಭೆಗಳಿಗೆ ತೆರಿಗೆ ಮರಳಿಸುತ್ತಿದ್ದ ಯೋಜನೆ 2021ರಲ್ಲೇ ನಿಂತುಹೋಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಅದರ ಜಾಗಕ್ಕೆ ಬಂದ ಹೊಸ ಅನುದಾನಕ್ಕೂ ಕಟ್ಟಿದ ತೆರಿಗೆಗೂ ಮೊದಲಿನ ನೇರ ಲೆಕ್ಕ ಇರಲಿಲ್ಲ. ತೆರಿಗೆಯ ಪರ ಊರಿನಲ್ಲಿ ಮಾತಾಡಬಲ್ಲ ಮೇಯರ್, ಕೌನ್ಸಿಲರ್‌ಗಳ ಕೈಯಲ್ಲಿದ್ದ ಅತ್ಯಂತ ಸರಳ ಪುರಾವೆಯನ್ನು ಪ್ರಾಂತ್ಯದ ಸರ್ಕಾರವೇ ಕಸಿದುಕೊಂಡಿತು. ಇದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

ಏಷ್ಯಾದಲ್ಲಿ ಊರುಗಳು ಕೇಳಿದ್ದಕ್ಕಿಂತ ಮಾಡಿ ತೋರಿಸಿದ್ದೇ ಹೆಚ್ಚು. ಟೋಕಿಯೊ 2010ರ ಏಪ್ರಿಲ್‌ನಲ್ಲೇ ದೊಡ್ಡ ಕಚೇರಿ ಕಟ್ಟಡಗಳಿಗೂ ಮಿತಿ-ವಿನಿಮಯ ತಂದಿತು. ಜಪಾನ್‌ನ ರಾಷ್ಟ್ರೀಯ ವ್ಯವಸ್ಥೆ ಕಡ್ಡಾಯದ ಹಂತಕ್ಕೆ ಬರಲು 2026 ಆಗಬೇಕಾಯಿತು. ಚೀನಾದಲ್ಲಿ 2013ರ ಜೂನ್‌ನಲ್ಲಿ ಶೆನ್‌ಜೆನ್ ನಗರದಿಂದ ಶುರುವಾದ ಪ್ರಾಯೋಗಿಕ ಮಾರುಕಟ್ಟೆಗಳೇ 2021ರ ರಾಷ್ಟ್ರೀಯ ಮಾರುಕಟ್ಟೆಗೆ ದಾರಿ ಮಾಡಿದವು.

ಭಾರತದಲ್ಲಿ 2010ರಲ್ಲಿ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿಯಿಂದ ಶುರುವಾದ ಸೆಸ್ 2016ಕ್ಕೆ 400ಕ್ಕೇರಿ, 2017ರಲ್ಲಿ ಜಿಎಸ್‌ಟಿ ಪರಿಹಾರದ ಸೆಸ್‌ನಲ್ಲಿ ಲೀನವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದೂ ಹೋಯಿತು. ನಗರಪಾಲಿಕೆ, ಪಂಚಾಯಿತಿಗಳಿಗೆಂದು ಅದರಲ್ಲಿ ಪಾಲು ಗೊತ್ತುಪಡಿಸಿರಲಿಲ್ಲ. 2023ರಲ್ಲಿ ಅಧಿಸೂಚನೆಯಾದ ಇಂಗಾಲ ಕ್ರೆಡಿಟ್ ವಿನಿಮಯ ಯೋಜನೆ ಸಿಮೆಂಟ್, ಅಲ್ಯೂಮಿನಿಯಂನಂಥ ಕೈಗಾರಿಕೆಗಳಿಗೆ ಉತ್ಪಾದನೆಯ ಟನ್ನಿಗೆ ಇಷ್ಟೇ ಹೊಗೆ ಎಂಬ ಗುರಿ ಕೊಡುತ್ತದೆ. ಪರವಾನಗಿಗಳ ಹರಾಜು ಇಲ್ಲದ ಕಾರಣ ಊರಿಗೆ ಹಂಚಲು ಸರ್ಕಾರದ ಬೊಕ್ಕಸಕ್ಕೆ ಹಣವೇ ಬರುವುದಿಲ್ಲ. ಬೆಂಗಳೂರು 2023ರಲ್ಲಿ ತನ್ನ ಹವಾಮಾನ ಕ್ರಿಯಾ ಯೋಜನೆ ಹೊರತಂದಾಗ ಅದನ್ನು ಚರ್ಚಿಸಲು ಚುನಾಯಿತ ಕೌನ್ಸಿಲ್ ಇರಲಿಲ್ಲ; ಹಿಂದಿನ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಈಗ ನಗರಕ್ಕೆ ಐದು ಪಾಲಿಕೆಗಳಿವೆ. ಅಲ್ಲಿ ಚುನಾಯಿತ ಸದಸ್ಯರು ಸಭೆ ಸೇರಿದಾಗ ಒಂದು ನಿರ್ಣಯವನ್ನಾದರೂ ಚರ್ಚೆಗೆ ತರಲಿ: ದೇಶ ಇಂಗಾಲಕ್ಕೆ ಕಟ್ಟುವ ಬೆಲೆಯಲ್ಲಿ ಊರಿಗೆ ಲೆಕ್ಕ ಕಾಣುವ ಪಾಲು ಇರಲಿ ಎಂದು. ಓದುಗರು ತಮ್ಮ ವಾರ್ಡಿನ ಪ್ರತಿನಿಧಿಯನ್ನು ಇದರ ಬಗ್ಗೆ ಕೇಳಬೇಕು.